ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿದರೆ ಉರಿ ಇಳಿಯುತ್ತದೆ, ಅಷ್ಟಕ್ಕೇ ಬಿಡಬಹುದಾ?

ಪ್ರಶ್ನೆ: "ಡಾಕ್ಟರೇ, ನಮ್ಮ ಅತ್ತೆಗೆ 67 ವರ್ಷ. ಎಂಟು ವರ್ಷದಿಂದ ಶುಗರ್ ಇದೆ. ಸೋಮವಾರ ಎಡಪಕ್ಕೆಯಲ್ಲಿ ಉರಿ ಶುರುವಾಯಿತು, ಗ್ಯಾಸ್ ಇರಬೇಕು ಅಂದುಕೊಂಡೆವು. ಬುಧವಾರ ಬೆಳಗ್ಗೆ ನೋಡಿದರೆ ಬೆನ್ನಿಂದ ಎದೆಯ ಕೆಳಗಿನವರೆಗೆ ಪಟ್ಟಿ ಎಳೆದ ಹಾಗೆ ನೀರುಗುಳ್ಳೆ. ಊರಲ್ಲಿ ಎಲ್ಲರೂ ಸರ್ಪಸುತ್ತು ಅಂದರು. ಪಕ್ಕದ ಊರಿನಲ್ಲಿ ಒಬ್ಬರು ಅಜ್ಜ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕುತ್ತಾರೆ. ಎರಡು ದಿನ ಹಚ್ಚಿಸಿಕೊಂಡು ಬಂದಿದ್ದಾರೆ. ಉರಿ ಇಳಿದು ನಿದ್ದೆ ಬಂತು ಅಂತಾರೆ. ಮಣ್ಣು ವಿಷ ಎಳೆಯುತ್ತದಂತೆ. ಇಂಗ್ಲಿಷ್ ಮಾತ್ರೆ ತಗೊಂಡರೆ ಸರ್ಪ ಒಳಗೆ ಇಳಿಯುತ್ತದಂತೆ. ತಲೆ-ಬಾಲ ಕೂಡಿದರೆ ಪ್ರಾಣಕ್ಕೇ ಅಪಾಯ ಅಂತ ಹೆದರಿದ್ದಾರೆ, ಆದರೆ ಮಾತ್ರೆ ಮುಟ್ಟುತ್ತಿಲ್ಲ. ಹೋದ ವರ್ಷ ಮಂಡಿನೋವಿಗೆ ಹುತ್ತದ ಮಣ್ಣು ಹಚ್ಚಿ ಗುಣ ಕಂಡವರು, ಹಾಗಾಗಿ ಮಣ್ಣಿನ ಮೇಲೆ ಭಾರಿ ನಂಬಿಕೆ. ನಾದಿನಿ ಫೋನಿನಲ್ಲಿ ಏನೋ ನೋಡಿ, ಒಳಗಿನ ವಿಷ ಹೋಗೋಕೆ ಜೇಡಿಮಣ್ಣಿನ ಪುಡಿ ನೀರಿಗೆ ಹಾಕಿ ಕುಡಿಸೋಣ ಅಂತಿದ್ದಾಳೆ. ನಮ್ಮ ಯಜಮಾನರು, ಅಮ್ಮನಿಗೆ ಸಮಾಧಾನ ಆಗುತ್ತಲ್ಲ, ಸುಮ್ನೆ ಬಿಡು ಅಂತಾರೆ. ಮನೆಯಲ್ಲಿ ನನ್ನ ಎಂಟು ತಿಂಗಳ ಮಗುವೂ ಇದೆ. ಬಿಡಬಹುದಾ?"
— ಓದುಗರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿದ್ದು ಶುಕ್ರವಾರ ಬೆಳಗ್ಗೆ. ಆಗಲೇ ಒಂದು ಸಾಲು ಬರೆದು ಕಳಿಸಿದ್ದೆ: "ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮಣ್ಣಿನ ಮಾತು ಆಮೇಲೆ." ಬುಧವಾರ ಗುಳ್ಳೆ ಎದ್ದಿದೆ ಅಂದರೆ ಇನ್ನೂ ಒಂದು ದಿನ ಕೈಯಲ್ಲಿತ್ತು. ಆ ಒಂದು ದಿನ ಯಾಕೆ ಮುಖ್ಯ ಅನ್ನುವುದು ಮುಂದೆ ಬರುತ್ತದೆ.

ನಿಮ್ಮ ಅತ್ತೆಯವರು ಸುಳ್ಳು ಹೇಳುತ್ತಿಲ್ಲ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಉರಿ ಇಳಿದಿದ್ದು ನಿಜ, ನಿದ್ದೆ ಬಂದಿದ್ದೂ ನಿಜ. ಹಿತವಾಗಿರುವುದನ್ನು ಕಿತ್ತುಕೊಳ್ಳಬೇಕಾ ಅನ್ನುವ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಚರ್ಮರೋಗದ ಡಾಕ್ಟರಾಗಿ ಇಪ್ಪತ್ತು ವರ್ಷ ದಾಟಿತು. ಕೆಮ್ಮಣ್ಣು ಹಚ್ಚಿಸಿಕೊಂಡು ಬಂದವರನ್ನು ಎಷ್ಟು ನೋಡಿದ್ದೇನೆಂದರೆ, ಬಾಗಿಲಲ್ಲಿ ನಿಂತವರ ಬನಿಯನ್ ಮೇಲಿನ ಕೆಂಪು ಕಲೆ ಕಂಡರೇ ಸಾಕು, ಕಾಯಿಲೆ ಯಾವುದು ಅಂತ ಗೊತ್ತಾಗುತ್ತದೆ.

ಈ ಕಾಯಿಲೆಗೂ ಹಾವಿಗೂ ಸಂಬಂಧವಿಲ್ಲ. ಚಿಕ್ಕವರಿದ್ದಾಗ ಬರುವ ಚಿಕನ್‌ಪಾಕ್ಸ್, ಊರ ಮಾತಿನಲ್ಲಿ "ಅಮ್ಮ", ಅದರದ್ದೇ ವೈರಸ್ ಇದು. ಅಮ್ಮ ಇಳಿದ ಮೇಲೆ ವೈರಸ್ ಮೈಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟುಗಳಲ್ಲಿ ನಲವತ್ತು ಐವತ್ತು ವರ್ಷ ತೆಪ್ಪಗೆ ಮಲಗಿರುತ್ತದೆ. ವಯಸ್ಸಾಗಿ ದೇಹದ ಕಾವಲು ಸಡಿಲವಾದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಗುಳ್ಳೆಗಿಂತ ಎರಡು ಮೂರು ದಿನ ಮೊದಲೇ ಉರಿ. ಗ್ಯಾಸ್ ಅಂದುಕೊಂಡಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಎದೆನೋವು ಅಂತ ಇಸಿಜಿ ಮಾಡಿಸಿಕೊಂಡು ಬಂದವರೂ ಇದ್ದಾರೆ.

ಅಂದರೆ ಸರ್ಪ ಮಾತ್ರೆಯಿಂದ ಒಳಗೆ ಇಳಿಯುವ ಪ್ರಶ್ನೆಯೇ ಇಲ್ಲ. ಅದು ಒಳಗಿಂದಲೇ ಬಂದಿರೋದು.

ತಲೆ-ಬಾಲ ಕೂಡುವ ಭಯಕ್ಕೂ ಇಲ್ಲೇ ಉತ್ತರ ಇದೆ. ಪಕ್ಕೆಯ ನರಗಳು ಬೆನ್ನುಮೂಳೆಯಿಂದ ಹೊರಟು ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ ಅರ್ಧ ಸುತ್ತು ಬಂದು ಮೈಯ ಮಧ್ಯದ ಗೆರೆಯಲ್ಲಿ ನಿಲ್ಲುತ್ತವೆ. ಗುಳ್ಳೆಯೂ ಅಲ್ಲೇ ನಿಲ್ಲುತ್ತದೆ. ಸುತ್ತು ಪೂರ್ತಿಯಾಗದಂತೆ ಅಜ್ಜನ ಮಣ್ಣು ತಡೆಯಿತು ಅಂತ ಊರು ಹೇಳುತ್ತದೆ. ಮಣ್ಣು ಹಚ್ಚದವರಲ್ಲೂ ಅದು ಮಧ್ಯದಲ್ಲೇ ನಿಲ್ಲುತ್ತದೆ. ಎರಡೂ ಕಡೆ ಬರುವುದು ತೀರಾ ಅಪರೂಪ. ಒಂದು ಮಾತು ಮಾತ್ರ ಗಮನದಲ್ಲಿರಲಿ: ಪಟ್ಟಿ ಬಿಟ್ಟು ಮೈಯ ಬೇರೆ ಬೇರೆ ಕಡೆ ಗುಳ್ಳೆ ಚೆಲ್ಲಿದ ಹಾಗೆ ಎದ್ದರೆ, ದೇಹದ ಶಕ್ತಿ ಕುಂದಿದೆ ಎಂದರ್ಥ. ಆಗ ಅಡ್ಮಿಟ್ ಆಗಬೇಕಾಗಬಹುದು.

ಇನ್ನು ಮಣ್ಣು. ಒದ್ದೆ ಮಣ್ಣು ತಂಪು ಮಾಡುತ್ತದೆ. ಅದರಲ್ಲಿರುವ ನೀರು ಆವಿಯಾಗುವಾಗ ಚರ್ಮದ ಬಿಸಿಯನ್ನು ಜೊತೆಗೆ ಒಯ್ಯುತ್ತದೆ. ಜೇಡಿಮಣ್ಣು ನೀರನ್ನು ಜಾಸ್ತಿ ಹೊತ್ತು ಹಿಡಿದಿಟ್ಟುಕೊಳ್ಳುವುದರಿಂದ ತಂಪೂ ಜಾಸ್ತಿ ಹೊತ್ತು. ಉರಿಯುವ ನರಕ್ಕೆ ತಂಪು ತಾಗಿದರೆ ಹಾಯೆನಿಸುವುದು ಸಹಜ. ನಾವು ಡಾಕ್ಟರುಗಳು ಮೂಗು ಮುರಿಯುವ ಹಾಗೂ ಇಲ್ಲ. ಔಷಧಿ ಅಂಗಡಿಯ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ನೋಡಿದ್ದೀರಲ್ಲ, ಅದರಲ್ಲಿ ಮುಖ್ಯವಾಗಿ ಇರುವುದು ಸತುವಿನ ಆಕ್ಸೈಡ್. ಆ ಗುಲಾಬಿ ಬಣ್ಣ ಬರುವುದು ಐರನ್ ಆಕ್ಸೈಡಿನಿಂದ. ಕೆಮ್ಮಣ್ಣಿಗೆ ಕೆಂಪು ಕೊಡುವುದೂ ಅದೇ. ಪುಡಿ ತಳ ಹಿಡಿಯದಿರಲಿ ಅಂತ ಲೋಷನ್ನಿಗೆ ಬೆಂಟೊನೈಟ್ ಎಂಬ ಜೇಡಿಮಣ್ಣನ್ನು ಸೇರಿಸುವ ಸೂತ್ರ ಹಳೆಯದು. ಅಜ್ಜನ ಬಟ್ಟಲಿಗೂ ನನ್ನ ಚೀಟಿಗೂ ಇರುವ ನೆಂಟಸ್ತನ ನೀವು ಅಂದುಕೊಂಡಷ್ಟು ದೂರದ್ದಲ್ಲ.

ವಿಷ ಎಳೆಯುತ್ತದೆ ಅನ್ನುವುದು ಬೇರೆ ಮಾತು. ಮಣ್ಣು ಒಣಗುವಾಗ ಚರ್ಮ ಬಿಗಿದು ಎಳೆದ ಹಾಗೆ ಅನಿಸುತ್ತದೆ, ನಂಬಿಕೆಯ ಬೇರು ಇರುವುದು ಅಲ್ಲಿ. ಒಂದು ಕೆಲಸ ಮಾಡಿ. ಸ್ವಲ್ಪ ಕೆಮ್ಮಣ್ಣು ಕಲಸಿ ಒಂದು ಸ್ಟೀಲ್ ತಟ್ಟೆಯ ಮೇಲೆ ಬಳಿದು ಬಿಸಿಲಿಗಿಡಿ. ಅರ್ಧ ಗಂಟೆಯಲ್ಲಿ ಅಂಚು ಏಳುತ್ತದೆ, ನಡುವೆ ಕೆರೆ ಬತ್ತಿದ ಹಾಗೆ ಬಿರುಕು ಬಿಡುತ್ತದೆ. ತಟ್ಟೆಯಲ್ಲಿ ಯಾವ ವಿಷ ಇತ್ತು? ನೀರು ಹೋದಾಗ ಜೇಡಿ ಕುಗ್ಗುತ್ತದೆ, ಕುಗ್ಗುವಾಗ ಅಂಟಿಕೊಂಡಿದ್ದನ್ನು ಎಳೆಯುತ್ತದೆ. ನಿಮ್ಮ ಅತ್ತೆಯ ಪಕ್ಕೆಯ ಮೇಲೂ ನಡೆದಿದ್ದು ಇಷ್ಟೇ.

ಹಾಗಂತ ಈ ಮಾತು ಪೂರ್ತಿ ಗಾಳಿಮಾತಲ್ಲ. ಕೆಲವು ಜೇಡಿಮಣ್ಣುಗಳು ವಿಷವನ್ನು ತಮ್ಮ ಮೈಗೆ ಅಂಟಿಸಿಕೊಳ್ಳುವುದು ನಿಜ. ಹಸು ಸಾಕುವವರ ಮನೆಯಲ್ಲಿ ಕೇಳಿ, ಬೂಷ್ಟು ಹಿಡಿದ ಮೇವಿನ ವಿಷ ತಡೆಯಲು "ಟಾಕ್ಸಿನ್ ಬೈಂಡರ್" ಅಂತ ಫೀಡಿಗೆ ಬೆರೆಸುತ್ತಾರೆ. ಅದರಲ್ಲಿ ಎಷ್ಟೋ ಸಲ ಇರುವುದು ಬೆಂಟೊನೈಟೇ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಕುಡಿದವರು ಬೇಗ ಬಂದರೆ ಆಸ್ಪತ್ರೆಯಲ್ಲಿ ಫುಲ್ಲರ್ಸ್ ಅರ್ತ್ ಕುಡಿಸುವ ಪದ್ಧತಿ ಇದೆ. ನಮ್ಮ ಮುಲ್ತಾನಿ ಮಿಟ್ಟಿ ಅದೇ ಜಾತಿಯದು. ಆದರೆ ಅಲ್ಲೆಲ್ಲ ವಿಷವೂ ಮಣ್ಣೂ ಹೊಟ್ಟೆಯಲ್ಲಿ ಒಂದೇ ನೀರಿನಲ್ಲಿ ಕಲೆಯುತ್ತವೆ. ನಿಮ್ಮ ಅತ್ತೆಯ ವೈರಸ್ಸಿನ ಬೇರು ಇರುವುದು ಬೆನ್ನುಹುರಿಯ ಪಕ್ಕ. ನಡುವೆ ಚರ್ಮ, ಮಾಂಸ, ಎಲುಬು. ಗೋಡೆಯ ಹೊರಗೆ ಸುಣ್ಣ ಬಳಿದರೆ ಒಳಗಿನ ಇಲಿ ಸಾಯುವುದಿಲ್ಲವಲ್ಲ.

ಹಾಗಾದರೆ ಮಣ್ಣು ಹಚ್ಚಿದವರೆಲ್ಲ ಗುಣವಾಗುವುದು ಹೇಗೆ? ಸರ್ಪಸುತ್ತು ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರದಲ್ಲಿ ತಾನಾಗಿಯೇ ಒಣಗಿ ಉದುರುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಹಚ್ಚುತ್ತಿದ್ದರೋ ಹೆಸರು ಅವರಿಗೆ. ಅದರ ಮೇಲೆ, ಅಜ್ಜ ಅರ್ಧ ಗಂಟೆ ಎದುರು ಕೂತು, ಮುಟ್ಟಿ, "ಏನೂ ಆಗಲ್ಲ ತಾಯಿ" ಅನ್ನುತ್ತಾರೆ. ನನ್ನ ಓಪಿಡಿಯಲ್ಲಿ ಒಬ್ಬರಿಗೆ ಸಿಗುವುದು ಐದು ನಿಮಿಷ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಈಗ ತೊಂದರೆ ಎಲ್ಲಿದೆ ಅಂತ ಹೇಳುತ್ತೇನೆ. ದೊಡ್ಡ ತೊಂದರೆ ಮಣ್ಣಿನಲ್ಲಿಲ್ಲ, ಮಣ್ಣು ತಿನ್ನುವ ಸಮಯದಲ್ಲಿದೆ. ವೈರಸ್ ಮರಿ ಹಾಕುವುದನ್ನು ತಡೆಯುವ ಅಸೈಕ್ಲೋವಿರ್, ವ್ಯಾಲಸೈಕ್ಲೋವಿರ್ ಮಾತ್ರೆಗಳಿವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅವುಗಳ ಪ್ರಯೋಜನ ಚೆನ್ನಾಗಿ ಸಿಗುತ್ತದೆ. ಗುಳ್ಳೆ ಬೇಗ ಒಣಗುತ್ತದೆ, ನೋವಿನ ಜೋರು ತಗ್ಗುತ್ತದೆ. ಸಾಮಾನ್ಯವಾಗಿ ಏಳು ದಿನದ ಕೋರ್ಸ್. ಶುಗರ್ ಇರುವವರಿಗೆ ಕಿಡ್ನಿ ಹೇಗಿದೆ ಅಂತ ಒಂದು ಕ್ರಿಯಾಟಿನಿನ್ ಟೆಸ್ಟ್ ನೋಡಿಯೇ ಡೋಸ್ ಗೊತ್ತು ಮಾಡಬೇಕು. ಅದಕ್ಕೇ ಅಂಗಡಿಯಲ್ಲಿ ಕೇಳಿ ನೀವೇ ತಂದು ಕೊಡಬೇಡಿ. 72 ಗಂಟೆ ದಾಟಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ, ಅದರಲ್ಲೂ ವಯಸ್ಸಾದವರಿಗೆ, ನಾವು ಕೊಡುತ್ತೇವೆ. ತಡವಾಯಿತು ಅಂತ ಮನೆಯಲ್ಲೇ ಕೂರಬೇಡಿ.

ಮಣ್ಣು ಗುಳ್ಳೆಯನ್ನು ಮುಚ್ಚಿಡುವುದು ಇನ್ನೊಂದು ತೊಂದರೆ. ಒಬ್ಬರು ಬಟ್ಟೆ ಅಂಗಡಿಯವರು ಬಂದಿದ್ದರು, ಅರ್ಧ ಹಣೆಗೆ ದಪ್ಪಗೆ ಕೆಮ್ಮಣ್ಣು, ಕೆಳಗೆ ಮೂಗಿನವರೆಗೆ. ನರ್ಸ್ ಸಲೈನ್ ಬಟ್ಟೆ ಇಟ್ಟು ನೆನೆಸಿ ನೆನೆಸಿ ತೆಗೆಯಲು ಇಪ್ಪತ್ತು ನಿಮಿಷ ಬೇಕಾಯಿತು. ಮೂಗಿನ ತುದಿಯ ಮಣ್ಣಿನ ಚಕ್ಕೆ ಎದ್ದಾಗ ಕೆಳಗೆ ಎರಡು ಗುಳ್ಳೆ ಕಂಡವು. ಮೂಗಿನ ತುದಿಗೆ ಹೋಗುವ ನರವೂ ಕಣ್ಣಿಗೆ ಹೋಗುವ ನರವೂ ಒಂದೇ ಕೊಂಬೆಯವು. ಅಲ್ಲಿ ಗುಳ್ಳೆ ಕಂಡರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಅವರಿಗೆ ಆ ಗುಳ್ಳೆ ಎದ್ದು ನಾಲ್ಕು ದಿನವಾಗಿತ್ತು, ಯಾರಿಗೂ ಕಂಡಿರಲಿಲ್ಲ. ಕಣ್ಣು ಉಳಿಯಿತು, ಆದರೆ ಮಂಜು ಹಾಗೇ ಉಳಿಯಿತು.

ಇನ್ನು ಮಣ್ಣಿನೊಳಗಿನ ಜೀವಿಗಳು. ಧನುರ್ವಾಯುವಿನ ಬೀಜಾಣು ನಮ್ಮ ನೆಲದ ಮಣ್ಣಿನಲ್ಲಿ ಸಾಮಾನ್ಯ, ಸಗಣಿ ಬೆರೆತ ಮಣ್ಣಿನಲ್ಲಿ ಇನ್ನೂ ಜಾಸ್ತಿ. ಕೆಮ್ಮಣ್ಣನ್ನು ಹುರಿದು, ಜರಡಿ ಹಿಡಿದು, ಬಿಸಿನೀರಿನಲ್ಲಿ ಕಲಸುತ್ತಾರೆ ಅಂತ ಕೆಲವರು ಹೇಳುತ್ತಾರೆ. ಕುದಿಯುವ ನೀರಿಗೆ ಆ ಬೀಜಾಣು ಸಾಯುವುದಿಲ್ಲ. ಆಸ್ಪತ್ರೆಯ ಆಟೋಕ್ಲೇವಿನಲ್ಲಿ ಒತ್ತಡದ ಹಬೆಯಲ್ಲಿ 121 ಡಿಗ್ರಿ ಕಾಯಿಸಬೇಕು. ಗುಳ್ಳೆ ಒಡೆಯದೆ ಇರುವಾಗ ಚರ್ಮವೇ ಬೇಲಿ. ಒಡೆದ ಮೇಲೆ ಅದು ತೆರೆದ ಗಾಯ, ಅದರಲ್ಲೂ ಶುಗರ್ ಇರುವವರ ಗಾಯ. ಕೀವಾಗಿ, ಸುತ್ತ ಕೆಂಪೇರಿ, ಜ್ವರ ಬಂದು ಬರುವವರಲ್ಲಿ ಶುಗರ್ ಇರುವವರೇ ಜಾಸ್ತಿ. ಕರಾವಳಿಯಲ್ಲಿ ಇನ್ನೂ ಒಂದು ಭಯವಿದೆ. ಉಡುಪಿ, ಮಣಿಪಾಲದ ಡಾಕ್ಟರುಗಳಿಗೆ ಮೆಲಿಯೊಯ್ಡೋಸಿಸ್ ಚೆನ್ನಾಗಿ ಪರಿಚಯ. ಮಣ್ಣು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ, ಹೆಚ್ಚಾಗಿ ಹಿಡಿಯುವುದು ಶುಗರ್ ಇರುವವರನ್ನೇ.

"ಮಣ್ಣೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂತ ಫಾರಿನ್‌ನಲ್ಲೇ ಹೇಳಿದ್ದಾರಲ್ಲ" ಅಂತ ನಿಮ್ಮ ನಾದಿನಿ ಕೇಳಬಹುದು. ಹೌದು, ಹೇಳಿದ್ದಾರೆ. ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಬುರುಲಿ ಹುಣ್ಣು ಎಂಬ ಕೆಟ್ಟ ಹುಣ್ಣಿಗೆ ಫ್ರಾನ್ಸಿನ ಹಸಿರು ಜೇಡಿಮಣ್ಣು ಹಚ್ಚಿ ಗುಣ ಕಂಡರು. ಅಮೆರಿಕದ ಅರಿಜೋನಾದ ವಿಜ್ಞಾನಿಗಳು ಆ ಮಣ್ಣನ್ನು ಲ್ಯಾಬಿನಲ್ಲಿ ಪರೀಕ್ಷಿಸಿದರು. ನನಗೆ ತುಂಬಾ ಇಷ್ಟವಾದ ವಿಷಯ ಇದು: ಅವರು ತೆಗೆದುಕೊಂಡಿದ್ದು ಎರಡು ಹಸಿರು ಮಣ್ಣು, ಖನಿಜದ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ. ಒಂದು ಬ್ಯಾಕ್ಟೀರಿಯಾಗಳನ್ನು ಕೊಂದಿತು. ಇನ್ನೊಂದು ಕೊಲ್ಲಲಿಲ್ಲ, ಕೆಲವು ಬ್ಯಾಕ್ಟೀರಿಯಾ ಅದರಲ್ಲಿ ಚೆನ್ನಾಗಿಯೇ ಬೆಳೆದವು. ಕಣ್ಣಿಗೆ ಒಂದೇ ಥರ ಕಾಣುವ ಎರಡು ಮಣ್ಣಿನ ಗುಣ ಇಷ್ಟು ಬೇರೆ ಇರುವಾಗ, ನಿಮ್ಮ ಊರ ಗುಡ್ಡದ ಕೆಮ್ಮಣ್ಣು ಯಾವ ಜಾತಿ ಅಂತ ಅಜ್ಜನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಸಾಲದ್ದಕ್ಕೆ ಸರ್ಪಸುತ್ತು ವೈರಸ್, ಬ್ಯಾಕ್ಟೀರಿಯಾ ಅಲ್ಲ.

ಈಗ ಮನೆಯಲ್ಲಿ ಏನು ಮಾಡಬೇಕು? ಹಚ್ಚಿರುವ ಮಣ್ಣನ್ನು ಕೆರೆದು ತೆಗೆಯಬೇಡಿ, ಗುಳ್ಳೆಯ ಚರ್ಮವೂ ಕಿತ್ತು ಬರುತ್ತದೆ. ನೀರು ಕುದಿಸಿ ಆರಿಸಿ. ಒಗೆದು ಬಿಸಿಲಿನಲ್ಲಿ ಒಣಗಿಸಿದ ಹಳೇ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ಹಿಂಡಿ, ಮೇಲಿಡಿ. ಹತ್ತು ಹದಿನೈದು ನಿಮಿಷಕ್ಕೆ ಮಣ್ಣು ಮೆತ್ತಗಾಗುತ್ತದೆ. ಒತ್ತಿ ಒತ್ತಿ ತೆಗೆಯಿರಿ. ಒಂದೇ ಸಲಕ್ಕೆ ಬರದಿದ್ದರೆ ಸಂಜೆ ಇನ್ನೊಮ್ಮೆ.

ಅದೇ ಒದ್ದೆ ಬಟ್ಟೆಯನ್ನು ಮುಂದೆಯೂ ದಿನಕ್ಕೆ ಮೂರು ನಾಲ್ಕು ಸಲ ಹೀಗೇ ಇಡಿ. ಮಣ್ಣಿನಿಂದ ಸಿಗುತ್ತಿದ್ದ ತಂಪು ಇದರಲ್ಲೂ ಸಿಗುತ್ತದೆ. ಅತ್ತೆಯವರಿಗೆ ಇದನ್ನೇ ಹೇಳಿ: ತಂಪು ತಪ್ಪಿಸುತ್ತಿಲ್ಲ, ಮಣ್ಣು ಮಾತ್ರ ತಪ್ಪಿಸುತ್ತಿದ್ದೇವೆ. ಗುಳ್ಳೆ ಒಡೆಯದ ಕಡೆ ಕ್ಯಾಲಮೈನ್ ಹಚ್ಚಬಹುದು. ಒಡೆದ ಕಡೆ ಬೇಡ, ಅಲ್ಲಿ ಬರೀ ವ್ಯಾಸಲೀನ್ ತೆಳುವಾಗಿ ಸವರಿ ಸಡಿಲವಾದ ಹತ್ತಿ ಬಟ್ಟೆ ಹಾಕಿಸಿ. ಐಸ್ ನೇರವಾಗಿ ಇಡಬೇಡಿ. ಸ್ನಾನ ಮಾಡಬಹುದು, ಉಜ್ಜಬಾರದು ಅಷ್ಟೇ. ಪಥ್ಯ ಅಂತ ಬರೀ ಗಂಜಿ ಕುಡಿಸಿ ಶುಗರ್ ಮಾತ್ರೆ ಎಂದಿನಂತೆ ಕೊಟ್ಟರೆ ಶುಗರ್ ತೀರಾ ಇಳಿಯುವ ಅಪಾಯವಿದೆ, ಎಂದಿನ ಊಟ ಕೊಡಿ. ಒಡೆದ ಗುಳ್ಳೆಗೆ ಮಣ್ಣು ತಾಗಿದ್ದರೆ ಟಿಟಿ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಅಜ್ಜನ ಜೊತೆ ಜಗಳಕ್ಕೆ ಹೋಗಬೇಡಿ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಊರಿನಲ್ಲಿ ಇಂಥವರೇ ಒಬ್ಬರಿದ್ದರು. ಗುಳ್ಳೆ ಏಳುವ ಮೊದಲೇ, ಬರೀ ಉರಿಯ ಜಾಗ ಕೇಳಿ, "ಇದು ಸರ್ಪ" ಅನ್ನುತ್ತಿದ್ದರು. ಎಷ್ಟೋ ಸಲ ಸರಿಯಾಗಿರುತ್ತಿತ್ತು. ಒಂದು ದಿನ ಹೋಗಿ ಕೂತು ಮಾತಾಡಿದೆ. ಆಮೇಲೆ ಅವರು ಬಂದವರಿಗೆಲ್ಲ "ಮೊದಲು ಡಾಕ್ಟರ್ ಹತ್ರ ಮಾತ್ರೆ ತಗೊಂಡು ಬಾ, ಆಮೇಲೆ ಮಂತ್ರ ಹಾಕ್ತೀನಿ" ಅನ್ನಲು ಶುರು ಮಾಡಿದರು. ಮಣ್ಣನ್ನು ಗುಳ್ಳೆಯಿಂದ ನಾಲ್ಕು ಬೆರಳು ಆಚೆ, ಚೆನ್ನಾಗಿರುವ ಚರ್ಮದ ಮೇಲೆ ಗೆರೆಯ ಹಾಗೆ ಎಳೆಯುತ್ತಿದ್ದರು. ನನ್ನ ತಕರಾರೇನೂ ಇರಲಿಲ್ಲ. ನಿಮ್ಮ ಯಜಮಾನರ "ಸಮಾಧಾನ"ಕ್ಕೂ ಇದೇ ದಾರಿ. ಮಂತ್ರ ಹಾಕಿಸಲಿ, ಮಣ್ಣು ಗುಳ್ಳೆಯ ಮೇಲೆ ಬೇಡ, ಮಾತ್ರೆ ತಪ್ಪಿಸಬೇಡಿ.

ಮಂಡಿಯ ವಿಷಯಕ್ಕೆ ಬಂದರೆ ನಾನು ಅತ್ತೆಯವರ ಕಡೆ. ಗಾಯವಿಲ್ಲದ ಚರ್ಮದ ಮೇಲೆ ಮಣ್ಣಿನ ಪಟ್ಟಿ ಹಾಕುವುದು ಪ್ರಕೃತಿ ಚಿಕಿತ್ಸೆಯವರು ಬಹುಕಾಲದಿಂದ ಮಾಡಿಕೊಂಡು ಬಂದ ಕೆಲಸ. ಗಾಂಧೀಜಿ ಮಲಬದ್ಧತೆಗೆ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿಕೊಂಡಿದ್ದನ್ನು ಆತ್ಮಕಥೆಯಲ್ಲೇ ಬರೆದಿದ್ದಾರೆ. ಮಂಡಿಸವೆತದ ನೋವು ಮಣ್ಣಿನಿಂದ ಸ್ವಲ್ಪ ಕಡಿಮೆಯಾಗುತ್ತದೆ ಅಂತ ತೋರಿಸುವ ಅಧ್ಯಯನಗಳೂ ಇವೆ. ಆದರೆ ತನಗೆ ಮಣ್ಣು ಹಚ್ಚಿದ್ದು ರೋಗಿಗೆ ಗೊತ್ತೇ ಇರುವುದರಿಂದ, ಗುಣ ಮಣ್ಣಿನದೆಷ್ಟು ನಂಬಿಕೆಯದೆಷ್ಟು ಅಂತ ಬೇರೆ ಮಾಡುವುದು ಕಷ್ಟ. ಮಾಡುವುದಾದರೆ ರಸ್ತೆ, ಔಷಧಿ ಹೊಡೆದ ಹೊಲ, ಕೊಟ್ಟಿಗೆ ಇವುಗಳಿಂದ ದೂರದ ಜಾಗದಲ್ಲಿ ಎರಡು ಮೂರು ಅಡಿ ಕೆಳಗಿನ ಮಣ್ಣು ತೆಗೆಸಿ, ಒಣಗಿಸಿ, ಜರಡಿ ಹಿಡಿದು, ರಾತ್ರಿ ನೆನೆಹಾಕಿ, ಅರ್ಧ ಗಂಟೆ ಇಟ್ಟು ತೊಳೆಯಿರಿ. ಹುತ್ತದ ಮಣ್ಣು ನುಣುಪು, ಗೆದ್ದಲು ಕೆಳಗಿನ ಜೇಡಿಯನ್ನೇ ತಂದು ಮೆತ್ತುತ್ತವೆ. ಆದರೆ ಹುತ್ತಕ್ಕೆ ಕೈ ಹಾಕಿ ಕೆದಕಬೇಡಿ, ಅಲ್ಲಿ ನಿಜವಾದ ಸರ್ಪ ಇದ್ದೀತು. ಶುಗರಿನಿಂದ ಪಾದ ಜೋಮು ಹಿಡಿದಿದ್ದರೆ, ಹಿಮ್ಮಡಿ ಒಡೆದಿದ್ದರೆ ಪಾದಕ್ಕೆ ಮಾತ್ರ ಮಣ್ಣು ಬೇಡವೇ ಬೇಡ. ಕಾಯಿಸಿದ ಮಣ್ಣಂತೂ ಸುಟ್ಟರೂ ಗೊತ್ತಾಗುವುದಿಲ್ಲ.

ನಾದಿನಿಯ ಪುಡಿ ಕುಡಿಸಬೇಡಿ. ಹೀಗೆ ಮಾರುವ ಜೇಡಿಮಣ್ಣಿನ ಪುಡಿಗಳಲ್ಲಿ ಸೀಸ ಸಿಕ್ಕಿದ್ದಕ್ಕೆ ಅಮೆರಿಕದ ಔಷಧ ನಿಯಂತ್ರಕರು 2016ರಲ್ಲಿ ಎಚ್ಚರಿಕೆ ಕೊಟ್ಟಿದ್ದರು. ಭೇದಿಗೆ ಕೊಡುವ ಶುದ್ಧ ಮಾಡಿದ ಜೇಡಿಮಣ್ಣಿನ ಔಷಧವನ್ನು ಕೂಡ ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಅಂತ ಫ್ರಾನ್ಸ್ 2019ರಲ್ಲಿ ಹೇಳಿತು, ಕಾರಣ ಅದೇ ಸೀಸ. ಇನ್ನೊಂದು, ಮೇವಿನ ವಿಷ ಹಿಡಿಯುವ ಮಣ್ಣು ಹೊಟ್ಟೆಯಲ್ಲಿ ಮಾತ್ರೆಯನ್ನೂ ಹಿಡಿಯುತ್ತದೆ. ನುಂಗಿದ ಔಷಧ ರಕ್ತಕ್ಕೆ ಸೇರಬೇಕಾದಷ್ಟು ಸೇರದೆ ಹೊರಗೆ ಹೋದೀತು.

ಗುಳ್ಳೆ ಒಣಗಿದ ಮೇಲೂ ನೋವು ಉಳಿಯಬಹುದು. ಅರವತ್ತು ದಾಟಿದವರಲ್ಲಿ ಇದು ಸಾಮಾನ್ಯ, ಕೆಲವರಿಗೆ ತಿಂಗಳುಗಟ್ಟಲೆ. ಬಟ್ಟೆ ತಾಗಿದರೂ ಬೆಂಕಿ ತಾಗಿದ ಹಾಗೆ. ಆಗ ಸರ್ಪದೋಷ ಉಳಿದಿದೆ ಅಂತ ಮತ್ತೆ ಮಣ್ಣಿಗೆ ಹೋಗುವವರು ಬಹಳ. ಅದು ಪೆಟ್ಟುಬಿದ್ದ ನರದ ನೋವು, ಅದಕ್ಕೆ ಬೇರೆಯೇ ಮಾತ್ರೆಗಳಿವೆ. ಸಹಿಸಿಕೊಂಡು ಕೂರುವ ಅಗತ್ಯವಿಲ್ಲ. ಪೂರ್ತಿ ಗುಣವಾದ ಮೇಲೆ, ಮತ್ತೆ ಬರದಂತೆ ಐವತ್ತು ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ನಮ್ಮಲ್ಲೂ ಸಿಗುತ್ತಿದೆ. ಬೆಲೆ ದುಬಾರಿ. ಕೈಲಾದರೆ ಹಾಕಿಸಿ.

ಕೊನೆಗೆ ಮಗು. ಸರ್ಪಸುತ್ತು ಸರ್ಪಸುತ್ತಾಗಿ ಹರಡುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಅಮ್ಮ ಬಾರದವರಿಗೆ ಅಮ್ಮ ಬರಬಹುದು. ನಿಮ್ಮ ಮಗುವಿಗೆ ಎಂಟೇ ತಿಂಗಳು, ಅದರ ಲಸಿಕೆ ಹಾಕುವುದು ವರ್ಷ ತುಂಬಿದ ಮೇಲೆ. ಹಾಗಾಗಿ ಗುಳ್ಳೆಯೆಲ್ಲ ಹಕ್ಕಳೆಗಟ್ಟಿ ಒಣಗುವವರೆಗೆ, ಸುಮಾರು ಏಳರಿಂದ ಹತ್ತು ದಿನ, ಮಗುವನ್ನು ಅಜ್ಜಿಯ ಮಗ್ಗುಲಲ್ಲಿ ಮಲಗಿಸಬೇಡಿ. ಅವರ ಟವೆಲ್, ಹೊದಿಕೆ ಬೇರೆ ಇಡಿ. ಒದ್ದೆ ಬಟ್ಟೆ ಹಾಕಿದವರು ಸೋಪು ಹಚ್ಚಿ ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಲಿ. ಮನೆಗೆ ಬಂದುಹೋಗುವ ಬಸುರಿಯರಿದ್ದರೆ ಅವರಿಗೂ ತಿಳಿಸಿ. ಮುಂದಿನ ಮೂರು ವಾರದಲ್ಲಿ ಮಗುವಿನ ಮೈಮೇಲೆ ಒಂದೇ ಒಂದು ನೀರುಗುಳ್ಳೆ ಕಂಡರೂ ಮಕ್ಕಳ ಡಾಕ್ಟರಿಗೆ ತೋರಿಸಿ, ಅಜ್ಜಿಗೆ ಸರ್ಪಸುತ್ತು ಆಗಿತ್ತು ಅಂತ ಮೊದಲೇ ಹೇಳಿ. ಅದರ ಮೇಲೂ ಯಾರೂ ಕೆಮ್ಮಣ್ಣು ಹಚ್ಚದ ಹಾಗೆ ನೋಡಿಕೊಳ್ಳಿ.